ದೌಲತಾಬಾದಿನ ಕತ್ತಲಲ್ಲಿ ಕೇಳಿದ ಮಾತು

ದೆವ್ವ ಕಂಡೆ, ದನಿ ಕೇಳಿದೆ ಎನ್ನುವವರ ಮಾತನ್ನು ನಾನು ಎಂದೂ ಕಿವಿಗೆ ಹಾಕಿಕೊಂಡವನಲ್ಲ. ಬ್ಯಾಂಕಿನಲ್ಲಿ ಸಹಿಗೆ ಸಹಿ ತಾಳೆ ನೋಡಿಯೇ ಬದುಕಿದವನು. ಕಾಣದ್ದನ್ನು ನಂಬು ಎಂದರೆ ನಗು ಬರುತ್ತಿತ್ತು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮೊದಲಿನ ಹಾಗೆ ನಗಲು ಆಗುವುದಿಲ್ಲ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ನಾನೂ ವಾಮನನೂ ಧಾರವಾಡದ ಕಡೆಯವರು, ವರ್ಗವಾಗಿ ಬಂದು ನಾಸಿಕ್ ರೋಡಿನ ಒಂದೇ ಶಾಖೆಯಲ್ಲಿ ಕೂತಿದ್ದವರು. ಊಟಕ್ಕೆ ಹೋಗುತ್ತಿದ್ದುದು ಕುಂದಾಪುರದ ಸುಧಾಕರನ ಹೋಟೆಲಿಗೆ. ಅಲ್ಲೇ ಮೂವರ ಗೆಳೆತನ ಬೆಳೆಯಿತು. ಆ ವರ್ಷ ಹುಬ್ಬಳ್ಳಿಯ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗುವುದಿತ್ತು. ವಾಮನನ ಹೆಂಡತಿ ಅಲ್ಲಿ ಶಾಲೆಯ ಟೀಚರು. ನಾಲ್ಕು ವರ್ಷದಿಂದ ಅವಳೂ ಮಗಳೂ ಅಲ್ಲಿ, ಇವನು ಇಲ್ಲಿ. ‘ಈ ಸಲ ನೀವೇ ಅರ್ಜಿ ಹಾಕ್ರಿ, ನಾ ಹಾಕೂದಿಲ್ಲ’ ಎಂದು ನಾನೇ ಅವನಿಗೆ ಮಾತು ಕೊಟ್ಟಿದ್ದೆ. ಕೊಟ್ಟು ತಿಂಗಳೊಳಗೆ ಗುಟ್ಟಾಗಿ ನನ್ನ ಅರ್ಜಿಯನ್ನೂ ನೇರ ಮೇಲಿನ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಸರ್ವಿಸ್ಸಿನಲ್ಲಿ ನಾನು ಹಿರಿಯ; ಜಾಗ ನನಗೇ ಸಿಗುವುದೆಂದು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಕೆಲವೇ ದಿನಕ್ಕೆ ಎರಡು ರಜೆ ಕೂಡಿ ಬಂದವು. ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಸುಧಾಕರನ ಕಾರಿನಲ್ಲಿ ಹೊರಟೆವು. ಹತ್ತಿರದ ದೌಲತಾಬಾದಿನ ಕೋಟೆ ನೋಡುವುದು, ನಾನ್ ಖಲಿಯಾ ತಿನ್ನುವುದು, ಅಲ್ಲಿಯೇ ತಯಾರಾಗುವ ಬಿಯರ್ ಕುಡಿಯುವುದು, ರಾತ್ರಿ ಲಾಡ್ಜಿನಲ್ಲಿ ಉಳಿಯುವುದು, ಇಷ್ಟೇ ಕಾರ್ಯಕ್ರಮ. ಬೆಳಿಗ್ಗೆ ಖಾರದ ಮಿಸಳ್ ತಿಂದು, ಯೇವಲಾದಲ್ಲಿ ಚಹಾ ಕುಡಿದು, ವೈಜಾಪುರ ದಾಟುವವರೆಗೂ ವಾಮನ ಇತಿಹಾಸ ಹೇಳುತ್ತಲೇ ಇದ್ದ. ‘ದಿಲ್ಲಿ ಮಂದೀನ್ನೆಲ್ಲಾ ಎಬ್ಬಿಸಿ ದೌಲತಾಬಾದಿಗೆ ಅಟ್ಟಿದಾ ತುಘಲಕ್. ಟ್ರಾನ್ಸ್‌ಫರ್ ಆರ್ಡರ್ ಶುರುವಾದದ್ದೇ ಅಲ್ಲಿಂದ್ರಿ’ ಎಂದು ನಗಿಸಿದ. ನಾನೂ ನಕ್ಕೆ, ತುಸು ಜೋರಾಗಿಯೇ.

ಆ ಕೋಟೆಯಲ್ಲಿ ಕಂದಕ ದಾಟಿದ ಮೇಲೆ ‘ಅಂಧೇರಿ’ ಎಂಬ ಸುರಂಗದ ದಾರಿ ಬರುತ್ತದೆ. ಹಗಲಲ್ಲೂ ಒಳಗೆ ತನ್ನ ಕೈ ತನಗೆ ಕಾಣುವುದಿಲ್ಲ. ಮೊಣಕಾಲು ನೋವೆಂದು ವಾಮನ ಕಂದಕದ ಸೇತುವೆಯ ಬಳಿಯೇ ಕುಳಿತ. ಮುಂದೆ ಬ್ಯಾಟರಿ ಹಿಡಿದ ಗೈಡ್, ಅವನ ಹಿಂದೆ ಸುಧಾಕರ, ಕೊನೆಯಲ್ಲಿ ನಾನು. ಶತ್ರುಗಳು ಇಲ್ಲಿ ಹೇಗೆ ದಾರಿ ತಪ್ಪುತ್ತಿದ್ದರು ನೋಡಿ ಎಂದು ಹಿಂದಿಯಲ್ಲಿ ಹೇಳಿ ಗೈಡ್ ನಡುವೆಯೇ ಬ್ಯಾಟರಿ ಆರಿಸಿದ. ಆಗ ನನ್ನ ಬೆನ್ನ ಹಿಂದಿನಿಂದ, ವಾಮನನದೇ ದನಿಯಲ್ಲಿ, ಮೆಲ್ಲಗೆ ಕೇಳಿಸಿತು: ‘ಅರ್ಜಿ ಹಾಕೇ ಬಿಟ್ರೇನ್ರಿ?’

ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಮುಂದಿದ್ದ ಸುಧಾಕರ, ‘ಎಂತ ಅರ್ಜಿ ಮಾರಾಯ್ರೆ?’ ಎಂದ. ಗೈಡ್ ಬ್ಯಾಟರಿ ಹೊತ್ತಿಸಿದ. ನನ್ನ ಹಿಂದೆ ಯಾರೂ ಇರಲಿಲ್ಲ. ‘ವಾಮನರಾಯರು ಬಂದಿದ್ರಲ್ಲ, ಎಲ್ಲಿಗೆ ಹೋದ್ರು?’ ಎಂದು ಸುಧಾಕರ ನನ್ನನ್ನೇ ಕೇಳಿದ. ಮೇಲೆ ಬೆಳಕಿಗೆ ಬಂದು ಬಗ್ಗಿ ನೋಡಿದರೆ, ವಾಮನ ಕೆಳಗೆ ಸೇತುವೆಯ ಬಳಿ ಕುಳಿತು ಶೇಂಗಾ ತಿನ್ನುತ್ತಿದ್ದ.

ಇದು ಇಬ್ಬರೂ ಸೇರಿ ಹೂಡಿದ ಆಟ ಎಂದು ನನಗೆ ಖಾತ್ರಿಯಾಯಿತು. ವಾಮನನಿಗೆ ಹೇಗೋ ಸುದ್ದಿ ಮುಟ್ಟಿದೆ. ಸದ್ದಿಲ್ಲದೆ ಹಿಂದೆ ಬಂದು, ಕೇಳಿ, ಓಡಿಹೋಗಿ ಕುಳಿತಿದ್ದಾನೆ. ಸುಧಾಕರ ಏನೂ ತಿಳಿಯದವನ ಹಾಗೆ ನಟಿಸುತ್ತಿದ್ದಾನೆ. ಕುಂಟುವ ಕಾಲಲ್ಲಿ ಅಷ್ಟು ಬೇಗ ಹೇಗೆ ಓಡಿದ ಎಂದು ಯೋಚಿಸಲೂ ಹೋಗಲಿಲ್ಲ. ಔರಂಗಾಬಾದಿನ ಗಾರ್ಡನ್ ರೆಸ್ಟೊರೆಂಟಿನಲ್ಲಿ ಕೂತಾಗಲೂ ಇಬ್ಬರ ಮುಖವನ್ನೇ ನೋಡುತ್ತಿದ್ದೆ. ತಣ್ಣನೆಯ ಬಿಯರ್ ಬಂತು. ಖಲಿಯಾ ಎಂಬ ಕೆಂಪು ರಸದಲ್ಲಿ ಮುಳುಗಿದ ಮಟನ್, ಅರಿಶಿನ ಬಣ್ಣದ ಮೆತ್ತನೆಯ ನಾನ್ ಬಂದವು. ತುಘಲಕನ ದಂಡಿಗೆ ಮಾಡುತ್ತಿದ್ದ ಅಡುಗೆಯಂತೆ ಎಂದು ವಾಮನ ವಿವರಿಸುತ್ತ, ತಾನು ಮಾತ್ರ ಶೇವ್ ಭಾಜಿ ತಿನ್ನುತ್ತಿದ್ದ. ಬಿಯರಿಗಿಲ್ಲದ ಮಡಿ ಮಟನ್ನಿಗೆ ಯಾಕೆ ಎಂದು ಸುಧಾಕರ ಕಾಲೆಳೆದ. ಇಬ್ಬರೂ ನಕ್ಕರು. ನನ್ನನ್ನೇ ನೋಡಿ ನಕ್ಕಂತೆ ಕಂಡಿತು.

ವಾಮನ ನನ್ನ ಗ್ಲಾಸು ತುಂಬಿಸುತ್ತ, ‘ಯಾಕ್ರಿ, ಸುಮ್ಮನಾಗೀರಿ?’ ಎಂದ. ಅಷ್ಟಕ್ಕೇ ನಾನು ಸಿಡಿದುಬಿದ್ದೆ. ‘ಗೊತ್ತಿದ್ದೂ ಯಾಕ ನಾಟಕಾ ಮಾಡ್ತೀರಿ? ಹೌದು, ಹುಬ್ಬಳ್ಳಿಗೆ ನಾನೂ ಅರ್ಜಿ ಹಾಕೇನಿ. ಸುರಂಗದಾಗ ಬಂದು ಕೇಳೂ ಬದಲಿ ಎದುರಿಗೇ ಕೇಳಬೇಕಿತ್ತು.’

ವಾಮನನ ಕೈ ಅಲ್ಲೇ ನಿಂತಿತು. ನಟನೆ ಯಾವುದು ಎಂದು ನನಗೆ ತಿಳಿಯುತ್ತದೆ. ಆ ಮುಖದಲ್ಲಿ ಅದಿರಲಿಲ್ಲ. ‘ನಾ ಸುರಂಗಕ್ಕ ಬಂದೇ ಇಲ್ರಿ. ನನಗೇನೂ ಗೊತ್ತಿರಲಿಲ್ಲ’ ಎಂದ. ತಟ್ಟೆ ಪಕ್ಕಕ್ಕೆ ಸರಿಸಿ, ‘ಮಗಳಿಗೆ ಈ ಸಲ ಬಂದೇ ಬರ್ತೀನಿ ಅಂತ ಹೇಳಿದ್ನಿರಿ’ ಎಂದು ಎದ್ದ. ಮಧ್ಯಾಹ್ನದ ಬಸ್ಸು ಹಿಡಿದು ಒಬ್ಬನೇ ನಾಸಿಕ್‌ಗೆ ಹೋದ. ನನಗೆ ನಾಚಿಕೆಯಿಂದ ಅವನನ್ನು ತಡೆಯಲೂ ಆಗಲಿಲ್ಲ.

ಬ್ಯಾಂಕು ತೆರೆದ ದಿನವೇ ನನ್ನ ಅರ್ಜಿ ವಾಪಸು ಪಡೆದೆ. ಜಾಗ ವಾಮನನಿಗೇ ಸಿಕ್ಕಿತು. ಹೊರಡುವ ದಿನ ಶಾಖೆಯಲ್ಲಿ ಎಲ್ಲರ ಕೈ ಕುಲುಕಿದ. ನನಗೆ ದೂರದಿಂದ ನಮಸ್ಕಾರ ಮಾಡಿದ.

ನನ್ನ ಒಳಮನಸ್ಸೇ ಮಾತಾಡಿತು ಎಂದು ನಂಬಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಹಾಗಾದರೆ ಸುಧಾಕರನಿಗೆ ಹೇಗೆ ಕೇಳಿಸಿತು? ಅವನು ಇಂದಿಗೂ ಹೋಟೆಲಿನ ಗಲ್ಲಾ ಮುಟ್ಟಿ, ಅದು ವಾಮನನದೇ ದನಿ ಎಂದು ಆಣೆ ಮಾಡುತ್ತಾನೆ. ಅವನ ಮೇಲೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆ ಕತ್ತಲಲ್ಲಿ ಪ್ರಶ್ನೆ ಕೇಳಿದ್ದು ಯಾರೋ ನನಗೆ ತಿಳಿಯದು. ಅರ್ಜಿಯ ಬಗ್ಗೆ ಏನನ್ನೂ ಕೇಳದೆ, ನನ್ನನ್ನು ನಂಬಿ ಗ್ಲಾಸು ತುಂಬಿಸುತ್ತಿದ್ದವನಿಗೆ ಉತ್ತರ ಹೇಳಿದ್ದು ಮಾತ್ರ ನಾನೇ.