ಬೀಳಬೇಕಿದ್ದ ಗೇಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ರಂಗಮಂದಿರದ ವೇದಿಕೆಯ ಮೇಲೆ ಒಂದೇ ಬಲ್ಬು ಉರಿಯುತ್ತಿದೆ. ಅರವತ್ತು ದಾಟಿದ ಬಡಗಿಯೊಬ್ಬರು ಮರದ ದೊಡ್ಡ ಗೇಟಿನ ಮೇಲಿನ ಪಟ್ಟಿ ಹಿಡಿದು, ಎರಡೂ ಕಾಲು ಮಡಚಿ, ಮರ ಹತ್ತಿದ ಹುಡುಗನ ಹಾಗೆ ಜೋತಾಡುತ್ತಿದ್ದಾರೆ. ಗೇಟು ಕಿರ್ ಎನ್ನುತ್ತದೆ. ಕೆಳಗಿಳಿದು, ಸದ್ದು ಬಂದ ಕಡೆ ಸ್ಕ್ರೂ ಬಿಗಿ ಮಾಡಿ ಮತ್ತೆ ಜೋತುಬೀಳುತ್ತಾರೆ. “ಮಕ್ಕಳು ಹತ್ತೋಕೆ ಮುಂಚೆ ನಾನು ಹತ್ತಬೇಕಲ್ಲ,” ಎನ್ನುತ್ತಾರೆ, ಏದುಸಿರು ಬಿಡುತ್ತಾ. “ಈ ಹೊಟ್ಟೆನ ಹೊತ್ತ ಗೇಟು ಯಾರನ್ನ ಬೇಕಾದ್ರೂ ಹೊರುತ್ತೆ.”

ನಾಟಕ ತಂಡಕ್ಕೆಲ್ಲ ಇವರು ‘ಗೇಟ್ ಮಾವ’. ಊರಲ್ಲೀಗ ಟಿಕೆಟ್ಟೇ ಸಿಗದ ಸಂಗೀತ ನಾಟಕಕ್ಕೆ ರಂಗಸಜ್ಜಿಕೆ ಕಟ್ಟುವವರು. ಸುಮಾರು ಐವತ್ತು ವರ್ಷಗಳ ಹಿಂದೆ ಈ ದೇಶದಲ್ಲಿದ್ದ ಬಿಳಿಯರ ಆಡಳಿತದಲ್ಲಿ ಕಪ್ಪು ಮೈಬಣ್ಣದ ಮಕ್ಕಳಿಗೆ ಬೇರೆ ಶಾಲೆ, ಹರಿದ ಪುಸ್ತಕ, ಮುರುಕು ಬೆಂಚು. ಅದನ್ನು ಒಲ್ಲೆವೆಂದು ವಿದ್ಯಾರ್ಥಿಗಳು ತರಗತಿ ಬಿಟ್ಟು, ಬಿಳಿಯರ ಶಾಲೆಯ ಗೇಟಿನವರೆಗೆ ಹಾಡುತ್ತಾ ನಡೆದ ಕಥೆ ಈ ನಾಟಕದ್ದು. ಹಾಡುವವರ, ಕುಣಿಯುವವರ ಚಿತ್ರಗಳು ಗೋಡೆಗೋಡೆಯ ಮೇಲಿವೆ. ಮಾವನ ಚಿತ್ರ ಎಲ್ಲೂ ಇಲ್ಲ.

ಆ ಕಥೆ ಅವರ ಮನೆಯದೂ ಹೌದು. ಮೆರವಣಿಗೆಯ ಮುಂದಿದ್ದದ್ದು ಅವರ ಅಕ್ಕ, ಆಗಿನ್ನೂ ಹೈಸ್ಕೂಲು ಹುಡುಗಿ. ಗೇಟು ಹತ್ತಿ ಒಳಗೆ ಧುಮುಕಿದವಳನ್ನು ಪೊಲೀಸರು ಬಡಿದು ಜೈಲಿಗೆ ಹಾಕಿದರು. ಎಡಗೈ ಇವತ್ತಿಗೂ ಹೆಗಲಿನಿಂದ ಮೇಲೇಳುವುದಿಲ್ಲ. ಓದು ಅಲ್ಲಿಗೇ ನಿಂತಿತು. ಬಿಡುಗಡೆಯಾಗಿ ಬಂದು, ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ತಮ್ಮನನ್ನು ಬಡಗಿ ಕೆಲಸಕ್ಕೆ ಹಚ್ಚಿದರು.

ಮೆರವಣಿಗೆಯಲ್ಲಿ ಆ ತಮ್ಮನೂ ಇದ್ದ, ಹನ್ನೊಂದು ವರ್ಷದವನು. ಲಾಠಿ ಬೀಸಿದಾಗ ಮನೆಗೆ ಓಡಿಬಂದು ಮಂಚದ ಕೆಳಗೆ ಸೇರಿಕೊಂಡ. ಅಕ್ಕನನ್ನು ಬಿಟ್ಟು ಓಡಿಬಂದವನು ತಾನು ಎಂಬುದನ್ನು ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಹೇಳಿಬಿಟ್ಟಿದ್ದರಂತೆ. ಅಕ್ಕನೆದುರು ಮಾತ್ರ ಆ ಮಾತೆತ್ತಲು ಬಾಯಿ ಬಂದಿರಲಿಲ್ಲ.

ನಾಟಕದ ನಿರ್ದೇಶಕಿ ಮೊದಲು ಮಾಡಿಸಿದ್ದು ಬೀಳುವ ಗೇಟು. ಕೊನೆಯ ಹಾಡಿನಲ್ಲಿ ಮಕ್ಕಳೆಲ್ಲ ಸೇರಿ ತಳ್ಳಿದಾಗ, ಮರೆಯಲ್ಲಿ ನಿಂತ ಮಾವ ಹಗ್ಗ ಎಳೆಯಬೇಕು. ಕೀಲಿನ ಕಡ್ಡಿ ಕಳಚಿ ಗೇಟು ದೊಪ್ಪನೆ ಬೀಳಬೇಕು. ವಿಷಯ ತಿಳಿದ ಅಕ್ಕ ನಾಟಕಕ್ಕೆ ಸುತರಾಂ ಬರುವುದಿಲ್ಲ ಎಂದರು. ಆವತ್ತು ಬಿದ್ದದ್ದು ತನ್ನ ಎಡಗೈ, ಗೇಟಲ್ಲ. ಸುಳ್ಳು ನೋಡೋಕೆ ಟಿಕೆಟ್ ಬೇರೆ ಯಾಕೆ ಎಂಬುದು ಅವರ ವಾದ.

ಕೊನೆಗೆ ಕರೆತಂದದ್ದು ಮಾವನ ಹೆಂಡತಿ. ಕನ್ನಡಕ ಬದಲಾಯಿಸೋಣವೆಂದು ಒಂದು ಭಾನುವಾರ ಮಧ್ಯಾಹ್ನ ಹೊರಡಿಸಿ, ಸೀದಾ ತಂದು ಪ್ರೇಕ್ಷಕರ ನಡುವೆ ಕೂರಿಸಿಬಿಟ್ಟರು. “ಭಾನುವಾರ ಕನ್ನಡಕದ ಅಂಗಡಿ ಬಾಗಿಲು ಹಾಕಿರುತ್ತೆ ಅನ್ನೋದು ಅವರಿಗೆ ಹೊಳೀಲೇ ಇಲ್ಲ,” ಎಂದು ಈಗಲೂ ನಗುತ್ತಾರೆ.

ಅವತ್ತೇ ಗೇಟು ಕೈಕೊಟ್ಟಿತು. ಹಿಂದಿನ ದಿನದ ಮಳೆಗೆ ಸೂರು ಸೋರಿ ಮರ ಊದಿಕೊಂಡಿತ್ತು. ಮಕ್ಕಳು ತಳ್ಳಿದರು, ಮಾವ ಹಗ್ಗ ಎಳೆದರು, ಕಡ್ಡಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಹಾಡು ಮುಗಿಯಿತು. ವಾದ್ಯದವರು ಕೊನೆಯ ಸಾಲನ್ನೇ ಮತ್ತೆ ಮತ್ತೆ ನುಡಿಸತೊಡಗಿದರು. ಆಗ ಅಕ್ಕನಂಥ ನಾಯಕಿಯ ಪಾತ್ರ ಮಾಡುವ ಹುಡುಗಿ ಪಟ್ಟಿಯ ಮೇಲೆ ಕಾಲಿಟ್ಟಳು. ಹತ್ತಿದಳು. ಅವಳ ಹಿಂದೆ ಇನ್ನೊಬ್ಬ.

ಬೀಳಲೆಂದೇ ಮಾಡಿದ ಗೇಟು ಅದು, ಯಾರ ಭಾರವನ್ನೂ ಹೊರುವಂಥದ್ದಲ್ಲ. ಮಾವ ಹಗ್ಗ ಎಸೆದು, ಗೇಟಿನ ಕಂಬದ ಹಿಂದಿನ ಕತ್ತಲಿಗೆ ಓಡಿ, ಅದಕ್ಕೆ ಹೆಗಲು ಕೊಟ್ಟು ನಿಂತರು. “ಒಬ್ಬೊಬ್ಬರು ಹತ್ತಿದಾಗಲೂ ಕಂಬ ನನ್ನ ಮೇಲೇ ಬರ್ತಿತ್ತು. ಇವಳೇ ಕೊನೇ, ಇವನೇ ಕೊನೇ ಅಂದ್ಕೋತೀನಿ, ಮುಗಿಯೋದೇ ಇಲ್ಲ.” ಎಲ್ಲರೂ ಆಚೆಗಿಳಿಯುವವರೆಗೆ ಅಲ್ಲಾಡಲಿಲ್ಲ. ನಾಟಕ ಇರುವುದೇ ಹಾಗೆಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ತೆರೆ ಬಿದ್ದ ಮೇಲೆ ಅಕ್ಕ ವೇದಿಕೆಯ ಹಿಂದಕ್ಕೆ ಬಂದರು. ಹೆಗಲು ನೀವಿಕೊಳ್ಳುತ್ತಿದ್ದ ತಮ್ಮನ ಪಕ್ಕ ಕುಳಿತು, ನಾವು ಹತ್ತಿದ್ದೂ ಹೀಗೇ ಎಂದರು. ಅಷ್ಟು ವರ್ಷ ಗಂಟಲಲ್ಲೇ ಉಳಿದದ್ದು ಆಗ ತಮ್ಮನ ಬಾಯಿಗೆ ಬಂತು.

“ನಾನು ಓಡಿಹೋದೆ, ಅಕ್ಕ.”

“ಓಡಿದೆ, ಸರಿ. ನೀನು ಓಡಿದ್ದು ನಾನು ಹತ್ತಿದ ಮೇಲೆ ಕಣೋ. ಗೇಟು ಅಷ್ಟೆತ್ತರ ಇತ್ತಲ್ಲ, ನಾನು ಕಾಲಿಟ್ಟಿದ್ದು ಯಾರ ಹೆಗಲ ಮೇಲೆ ಅಂದ್ಕೊಂಡಿದ್ದೀಯ?”

ಮಾವನಿಗೆ ಅದು ನೆನಪೇ ಇರಲಿಲ್ಲವಂತೆ. ಮಂಚದ ಕೆಳಗಿನ ಕತ್ತಲಷ್ಟೇ ನೆನಪಿತ್ತು.

ಗೇಟು ಬೀಳುವುದು ಬೇಡ, ಹತ್ತುವುದೇ ಇರಲಿ ಎಂದು ಮರುದಿನ ನಿರ್ದೇಶಕಿ ತೀರ್ಮಾನಿಸಿದರು. ಮಾವ ಹಳೆಯದನ್ನು ಬಿಚ್ಚಿ ಗಟ್ಟಿ ಮರದಲ್ಲಿ ಹೊಸದನ್ನು ಕಟ್ಟಿದರು. ಅಕ್ಕ ಬಂದು ನೋಡಿ, ಗಿಡ್ಡ ಮಕ್ಕಳಿಗೆ ಕಾಲು ಎಟುಕಲೆಂದು ಕೆಳಗೊಂದು ಪಟ್ಟಿ ಹೆಚ್ಚಿಗೆ ಹಾಕಿಸಿದರು. ಈಗ ಅವರಿಗೆ ಕನ್ನಡಕದ ನೆಪ ಬೇಕಿಲ್ಲ. ತಾಲೀಮಿಗೂ ಬಂದು ಕೂರುತ್ತಾರೆ, ಹಾಡು ತಪ್ಪಿದವರನ್ನು ಗದರುತ್ತಾರೆ.

ನಾಟಕ ಮುಗಿದ ಮೇಲೆ ಸಜ್ಜಿಕೆಯೆಲ್ಲ ಸೌದೆಗೆ ಹೋಗುವುದು ವಾಡಿಕೆ. ಈ ಗೇಟನ್ನು ಮಾತ್ರ ತಮಗೆ ಕೊಡಬೇಕೆಂದು ಮಾವ ಈಗಲೇ ಕೇಳಿಟ್ಟಿದ್ದಾರೆ. ಅವರ ಬೀದಿಯ ಕೊನೆಯಲ್ಲೊಂದು ಶಾಲೆಯಿದೆ, ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ಓದುವಂಥದ್ದು.

“ಅಲ್ಲಿ ಆಟದ ಬಯಲಿನ ಮಧ್ಯೆ ನೆಟ್ಟುಬಿಡ್ತೀನಿ. ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಹತ್ತಿ ಆಡ್ಕೊಳ್ಳಲಿ. ಗೋಡೆನೇ ಇಲ್ಲದ ಗೇಟಿಗೆ ಬೀಗ ಹಾಕೋರು ಯಾರು?”