ವಲ್ಲಿಯ ಕೆಳಗೆ ಹತ್ತು ಸಲ

ನಾನು ಪಾಠ ಮಾಡುತ್ತಿದ್ದ ಮುದ್ದೇಬಿಹಾಳದ ಕಾಲೇಜಿಗೆ ರಜೆ ಹಾಕಿ ದೂರದ ನಗರದಲ್ಲಿ ಸಂಶೋಧನೆಗೆ ಸೇರಿದ ಎರಡನೆಯ ವರ್ಷ, ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಅವರು ಬಸವನ ಬಾಗೇವಾಡಿ ಸುತ್ತಿನಲ್ಲಿ ಎತ್ತಿನ ದಲಾಲರಾಗಿದ್ದವರು. ನಾವು ಆಡಿದ್ದು ಅವರಿಗೆ ತಿಳಿಯುತ್ತದೆಯೇ ಎಂಬುದೊಂದೇ ಮನೆಯಲ್ಲಿ ಎಲ್ಲರ ಪ್ರಶ್ನೆ.

ನನ್ನ ಸಂಶೋಧನೆಯೂ ಅಂಥದ್ದೇ. ಎಂಆರ್‌ಐ ಯಂತ್ರದಲ್ಲಿ ಮಲಗಿದವರಿಗೆ ಅರ್ಧ ನಿಮಿಷ ಮಾತು ಕೇಳಿಸುವುದು, ಅರ್ಧ ನಿಮಿಷ ಸುಮ್ಮನಿರುವುದು. ಮಾತಿನ ಹೊತ್ತಿಗೆ ಮಿದುಳಿನ ಯಾವ ಭಾಗದಲ್ಲಿ ಸಂಕೇತ ಏರಿತೆಂದು ಸಂಖ್ಯಾಶಾಸ್ತ್ರದಿಂದ ತೀರ್ಮಾನಿಸುವುದು. ಮನೆಯವರ ಒಪ್ಪಿಗೆ ಪಡೆದು ಅಪ್ಪನನ್ನೂ ನಗರಕ್ಕೆ ಕರೆತಂದು ಮಲಗಿಸಿದೆವು. ಅವ್ವನ ದನಿಯನ್ನು ಧ್ವನಿಮುದ್ರಿಸಿ ಕೇಳಿಸಿ, ಅವರನ್ನು ಊರಿಗೆ ಮರಳಿ ಕಳಿಸಿದೆವು.

ಮೊದಲ ಚಿತ್ರದಲ್ಲಿ ಏನೂ ಇರಲಿಲ್ಲ. ಸಂಕೇತ ಏರಿದೆ ಎನ್ನಲು ಇಟ್ಟಿದ್ದ ಮಿತಿಯನ್ನು ಸ್ವಲ್ಪ ಸಡಿಲಿಸಿದೆ. ಇನ್ನೂ ಸ್ವಲ್ಪ. ಎಡಗಿವಿಗೆ ಸ್ವಲ್ಪ ಮೇಲೆ, ಮಿದುಳಿನಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು. ಅಲ್ಲಿಗೇ ನಿಲ್ಲಿಸಿ ಊರಿಗೆ ಫೋನ್ ಮಾಡಿದೆ: "ಅವ್ವಾ, ಅಪ್ಪಗ ತಿಳೀತೈತಿ."

ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: ಮಿತಿಯನ್ನು ಗೊತ್ತುಮಾಡಿದ್ದು ಚಿತ್ರ ನೋಡುವ ಮೊದಲೋ, ನೋಡಿದ ಮೇಲೋ? ನೋಡಿದ ಮೇಲೆಯೇ. ಮಿದುಳನ್ನು ಜೋಳದ ಕಾಳಿನಷ್ಟು ಚಿಕ್ಕ ತುಣುಕುಗಳಾಗಿ ಪರೀಕ್ಷಿಸುತ್ತೇವೆ. ತುಣುಕುಗಳು ಹತ್ತಾರು ಸಾವಿರ. ಸಾವಿರಕ್ಕೊಂದು ಸಲ ಮೋಸಹೋದರೂ ಹತ್ತಾರು ಸುಳ್ಳು ಚುಕ್ಕೆಗಳು ಬರುತ್ತವೆ. ಇದನ್ನು ನಾನೇ ಮಕ್ಕಳಿಗೆ ಕಲಿಸಿದ್ದೆ. ಅಷ್ಟು ಪರೀಕ್ಷೆಗಳಿಗೆ ತಕ್ಕ ಮಿತಿ ಇಟ್ಟಾಗ ಚುಕ್ಕೆ ಅಳಿಯಿತು.

ಊರಿಗೆ ಹೋಗಿ, ಚುಕ್ಕೆ ನಿಲ್ಲಲಿಲ್ಲವೆಂದು ಹೇಳಿದೆ. ಅಷ್ಟರಲ್ಲಿ ಅವ್ವ ಓಣಿಗೆಲ್ಲ ಹೇಳಿಯಾಗಿತ್ತು.

"ತಿಳಿಯೂದಿಲ್ಲ ಅಂತ ಬಂತೇನು?"

"ಹಂಗಲ್ಲವ್ವಾ. ನನಗ ಗೊತ್ತಾಗಲಿಲ್ಲ ಅಂತ."

"ಮತ್ತ ಅದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?"

ಅಪ್ಪನ ಹಳೆಯ ಜೊತೆಗಾರ, ಸಿಂದಗಿಯ ದಲಾಲ, ನೋಡಲು ಬಂದು ಕೂತಿದ್ದ. "ನಿನ್ನ ಮಶೀನ್ ಅಲ್ಲೇ ಇರ್ಲಿ ಮಾಸ್ತರ. ಒಂದ್ ವಲ್ಲಿ ತಾ," ಎಂದ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ಬಟ್ಟೆಯಾದ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ ಬೆರಳು ಒತ್ತಿ ತಿಳಿಸುತ್ತಾರೆ. ಒಪ್ಪಿಗೆಯಾದರೆ ಆ ಬೆರಳು ಹಿಡಿಯುವುದು, ಇಲ್ಲದಿದ್ದರೆ ಬಿಡುವುದು. ಆತ ಅಪ್ಪನ ಎಡಗೈಗೆ ವಲ್ಲಿ ಹೊದಿಸುವುದರೊಳಗೆ ನಾನು ತಡೆದೆ. ಈ ಸಲ ನಿಯಮ ಮೊದಲು. ಆತ ಕೊಳ್ಳುವವ, ಅಪ್ಪ ಮಾರುವವರು. ಒತ್ತುವ ಬೆಲೆ ಪ್ರತಿ ಸಲವೂ ಒಂದೇ. ಬಾಯಲ್ಲಿ ಹೇಳುವ ಎತ್ತು ಮಾತ್ರ ಬೇರೆ. ಮುದಿ ಎತ್ತೆಂದರೆ ಆ ಬೆಲೆ ಲಾಭ, ಹಿಡಿಯಬೇಕು. ಎಳೆಯ ಹೋರಿ ಎಂದರೆ ನಷ್ಟ, ಬಿಡಬೇಕು. ಯಾವುದನ್ನು ಹೇಳಬೇಕೆಂದು ನಾಣ್ಯ ಎಸೆದು ಆತನಿಗೆ ತೋರಿಸುವುದು. ಹತ್ತು ಸಲ. ಒಂಬತ್ತಾದರೂ ಸರಿಯಾದರೆ ಮಾತ್ರ 'ತಿಳಿಯುತ್ತದೆ' ಎನ್ನುವುದೆಂದು ಚೀಟಿ ಬರೆದು, ಮಡಚಿ ಅವ್ವನ ಕೈಗೆ ಕೊಟ್ಟೆ.

"ನಿಂದು ಎರಡ ಹಲ್ಲಿನ ಎಳೆ ಖಿಲಾರಿ ಹೋರಿ, ಏನಂತಿ?" ಅಪ್ಪ ಬಿಟ್ಟರು. "ನಿಂದು ಹಲ್ಲ ಉದುರಿದ ಮುದಿ ಎತ್ತ." ಹಿಡಿದರು. ನಾನು ಬರೆದುಕೊಳ್ಳುತ್ತಾ ಹೋದೆ. ನಾಲ್ಕನೆಯದು ತಪ್ಪಿತು. ಏಳನೆಯದೂ.

ಒಟ್ಟು ಎಂಟು.

ಸುಮ್ಮನೆ ನಾಣ್ಯ ಎಸೆದು ಊಹಿಸಿದರೂ ಎಂಟು ಸರಿಬರುವುದು ಅಷ್ಟೇನೂ ಅಪರೂಪವಲ್ಲ. ಮತ್ತೆ ಹತ್ತು ಸಲ ಕೇಳಬಹುದಿತ್ತು. ಬೇಕಾದ ಉತ್ತರ ಬರುವವರೆಗೆ ಕೇಳುವುದೂ ಮಿತಿ ಸಡಿಲಿಸಿದಂತೆಯೇ. ಕೇಳಲಿಲ್ಲ.

"ಆ ಎರಡು ತಪ್ಪಲ್ಲೋ," ಎಂದ ಜೊತೆಗಾರ. "ಮೋಸ ಮಾಡಾಕ ನೋಡಿದ. ಮೊದಲಿಂದ ಹಂಗ ಅಂವ."

ಅವ್ವ ಚೀಟಿ ಬಿಚ್ಚಿ ಓದಿದಳು. "ಅಂದ್ರ ಈಗ ಏನನ್ನೂದು?"

"ಹೇಳಾಕ ಬರೂದಿಲ್ಲವ್ವಾ."

ಅವಳು ಚೀಟಿಯನ್ನು ಮೊದಲಿದ್ದಂತೆಯೇ ಮಡಚಿ ನನಗೆ ವಾಪಸು ಕೊಟ್ಟಳು. ಅಪ್ಪನ ಮೈ ಒರೆಸಲು ನೀರು ಕಾಯಿಸಿ ತಂದಳು. ಅರಿವೆಯನ್ನು ಅದ್ದಿ ಹಿಂಡಿ, ಮೈಗೆ ತಾಗಿಸುವ ಮೊದಲು ಅಪ್ಪನ ಕಡೆ ಬಾಗಿ, "ನೀರ ಸುಡಾಕತ್ತಾವ ನೋಡ್ರಿ," ಎಂದಳು.