ಸುಧ ಸೊಲ್ಲೆತ್ತಿದ ಬೀಗರೂಟ

ಹೊಣಕೆರೆಯ ಸುಧಳ ಹೆಸರು ಈಗ ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಮದುವೆ ಮನೆಗಳಲ್ಲೆಲ್ಲ ಓಡಾಡುತ್ತದೆ. ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ಸೋಬಾನೆಗೆ ಡ್ರಮ್ ಪ್ಯಾಡಿನ ಏಟು ಬೆರೆಸಿ ಹಾಡುವ ಹೆಂಗಸು ಈ ಸೀಮೆಗೆ ಅವಳೊಬ್ಬಳೇ. 'ಅವಳನ್ನ ಬೆಳಕಿಗೆ ತಂದೋನು ನಾನು' ಎಂದು ಕೆ.ಆರ್. ಪೇಟೆಯ ಮರಿಸ್ವಾಮಿಯವರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಾರೆ. ಸುಳ್ಳೇನಲ್ಲ. ಬೆಳಕಿಗೆ ಅಡ್ಡ ನಿಂತಿದ್ದವರು ಪಕ್ಕಕ್ಕೆ ಸರಿಯುವುದೂ ಬೆಳಕಿಗೆ ತಂದಂತೆಯೇ.

ಮರಿಸ್ವಾಮಿಯವರದು ಆರ್ಕೆಸ್ಟ್ರಾ. ಅದರ ಮಾಲೀಕರು, ನಿರೂಪಕರು, ಕೀಬೋರ್ಡ್ ನುಡಿಸುವವರು ಎಲ್ಲ ಅವರೇ. ಬ್ಯಾನರಿನಲ್ಲಿ ಹೆಸರಿನ ಮುಂದೆ 'ಸ್ವರಬ್ರಹ್ಮ' ಎಂದಿದೆ. ಯಾರು ಕೊಟ್ಟ ಬಿರುದು ಎಂದರೆ 'ಅಭಿಮಾನಿಗಳು' ಎನ್ನುತ್ತಾರೆ. ಬ್ಯಾನರ್ ಬರೆಸಿದ ದಿನ ಅಂಗಡಿಯಲ್ಲಿ ಇದ್ದ ಅಭಿಮಾನಿ ಅವರೊಬ್ಬರೇ.

ಸುಧಳಿಗೆ ಹಾಡು ಬಂದದ್ದು ಅಜ್ಜಿ ಚಲುವಮ್ಮನಿಂದ. ಅಜ್ಜಿ ಅರಿಶಿನದ ಶಾಸ್ತ್ರಗಳಲ್ಲಿ ಸೋಬಾನೆ ಹೇಳುತ್ತಿದ್ದರು. ಅವರು ಒಂದು ಸೊಲ್ಲು ಎತ್ತುವುದು, ಕೂತ ಹೆಂಗಸರು ಅದನ್ನೇ ತಿರುಗಿ ಹೇಳುವುದು. ಆ ಹೆಂಗಸರ ನಡುವೆ ಕೂತು ಹೇಳುತ್ತಲೇ ಹುಡುಗಿ ಬೆಳೆದಳು. ಕೆ.ಆರ್. ಪೇಟೆಯ ಕಾಲೇಜಿಗೆ ಬಸ್ಸು ಹತ್ತಿದ ಮೇಲೆ ಕಿವಿಗೆ ಇಯರ್ ಫೋನು ಬಂತು. ಅದರೊಳಗಿಂದ ಕವ್ವಾಲಿ, ರ‍್ಯಾಪು, ಅರ್ಥವಾಗದ ಭಾಷೆಗಳ ಹಾಡು ಎಲ್ಲ ಬಂದು ಅಜ್ಜಿಯ ಪದಗಳ ಪಕ್ಕದಲ್ಲೇ ಕೂತವು. ಮದುವೆಯಾಗಿ ಪಾಂಡವಪುರದ ಕಡೆ ಹೋದ ಮೇಲೆ ಡೈರಿಗೆ ಹಾಲು ಹಾಕಿ ಬರುವ ದಾರಿಯಲ್ಲಿ ಪದ ಕಟ್ಟತೊಡಗಿದಳು. ಸಂಜೆಗಳಲ್ಲಿ ಮರಿಸ್ವಾಮಿಯವರ ತಂಡದಲ್ಲಿ ಸಿನಿಮಾ ಹಾಡು ಹೇಳುತ್ತಿದ್ದಳು.

ತನ್ನದೊಂದು ಪದ ಹೇಳಲು ಬಿಡಿ ಎಂದು ಅವಳು ಕೇಳದ ಕಾರ್ಯಕ್ರಮವಿಲ್ಲ, ಅವರು ಬೇಡವೆನ್ನದ ಕಾರ್ಯಕ್ರಮವೂ ಇಲ್ಲ.

"ಜನ ಗೊತ್ತಿರೋದ್ನ ಕೇಳ್ತರೆ ಕಣವ್ವ. ಗೊತ್ತಿಲ್ದಿದ್ದು ಬಂದ್ರೆ ಎದ್ದೋಯ್ತರೆ."

ಕೊನೆಗೆ ಪಾಂಡವಪುರದ ಒಂದು ಬೀಗರೂಟಕ್ಕೆ ಒಪ್ಪಿದರು. ಅದರ ಹಿಂದೆ ಅವರ ದೂರಾಲೋಚನೆ ಇತ್ತು. ಬೀಗರೂಟದಲ್ಲಿ ಪಂಕ್ತಿಯಿಂದ ಯಾರೂ ಏಳುವುದಿಲ್ಲ. ಕಣ್ಣೆಲ್ಲ ಮಟನ್ ಬಕೆಟ್ಟಿನ ಮೇಲಿರುವುದರಿಂದ ಯಾರೂ ಕೇಳುವುದೂ ಇಲ್ಲ. ಜನ ತಲೆ ಎತ್ತದಿದ್ದರೆ ಇನ್ನು ಮುಂದೆ ಸ್ವಂತ ಪದದ ಮಾತೇ ಎತ್ತಬಾರದು ಎಂದು ಷರತ್ತು ಹಾಕಿದರು. ಸುಧ ಆಗಲಿ ಎಂದಳು.

ಅಭ್ಯಾಸದಲ್ಲಿ ಅವಳು ಒಂದು ಸೊಲ್ಲು ಹೇಳಿ, ಅಷ್ಟೇ ಹೊತ್ತು ಸುಮ್ಮನೆ ನಿಂತಳು. ಮರೆತುಹೋಯಿತೇ ಎಂದು ಮರಿಸ್ವಾಮಿಯವರು ಕೇಳಿದರು. ಇಲ್ಲ, ಅಲ್ಲಿ ಜಾಗ ಬಿಡಬೇಕು ಎಂದಳು. ಜಾಗ ಬಿಟ್ಟರೆ ಮೈಕು ಕೆಟ್ಟಿತೆಂದು ಜನ ತಿಳಿಯುತ್ತಾರೆ ಎಂಬುದು ಅವರ ಅನುಭವ. ಪಾಪ, ಹೆದರಿದ್ದಾಳೆ, ಆ ಜಾಗವನ್ನು ತಾವೇ ತುಂಬಿ ಹುಡುಗಿಯ ಮಾನ ಉಳಿಸಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದರು.

ಬೀಗರೂಟದ ದಿನ ಎಲೆಗೆ ಮುದ್ದೆ ಬಿದ್ದು, ಬೋಟಿ ಗೊಜ್ಜು ಬಂದು, ಶಾಮಿಯಾನದ ತುಂಬ ಗದ್ದಲ. ಸುಧ ಮೈಕು ಹಿಡಿದು ಎತ್ತಿದಳು:

ತವರೂರ ಬಸ್ಸು ದಿನದಿನವೂ ಬರುತದೆ
ಹತ್ತೋಕೆ ನಂಗೆ ಪುರುಸೊತ್ತಿಲ್ಲ

ನಿಲ್ಲಿಸಿದಳು. ಮುಂದಿನ ಸಾಲಿನ ಹೆಂಗಸರು ಮುದ್ದೆ ಹಿಡಿದ ಕೈ ಹಾಗೇ ಬಿಟ್ಟು ಬಾಯಿ ತೆರೆದರು. ಅಷ್ಟರಲ್ಲಿ ಮರಿಸ್ವಾಮಿಯವರು ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಬೆರಳು ಓಡಿಸಿ, ಕೊಳಲು, ವಯಲಿನ್, ಗಂಟೆ ಎಲ್ಲವನ್ನೂ ಒಂದೇ ಸಲ ಸುರಿದರು. ತೆರೆದ ಬಾಯಿಗಳಿಗೆ ಮುದ್ದೆ ಹೋಯಿತು. ಎರಡನೆಯ ಸೊಲ್ಲಿಗೂ ಅದೇ ಕತೆ. ಗಂಡಸರ ಸಾಲಿನಿಂದ ಗೊಜ್ಜು ಕೇಳುವ ಕೂಗು ಮೇಲೆದ್ದಿತು. ಸುಧಳ ದನಿ ಇಳಿಯಿತು.

ಅವಳು ಮೈಕು ಕೆಳಗಿಳಿಸಿ ಹಿಂದಕ್ಕೆ ಬಂದು, ಸ್ವರಬ್ರಹ್ಮರ ಬೆರಳುಗಳ ಮೇಲೆ ಕೈಯಿಟ್ಟಳು.

"ಸ್ವಾಮಣ್ಣ, ಅದು ನಿಮ್ ಜಾಗ ಅಲ್ಲ. ಅವ್ರುದ್ದು."

ಇಷ್ಟು ವರ್ಷದಲ್ಲಿ ಅವರ ಕೈ ಹಿಡಿದು ನಿಲ್ಲಿಸಿದವರಿರಲಿಲ್ಲ. ಸಿಟ್ಟು ಬರುವುದರೊಳಗೆ ಕೈ ತಾನಾಗಿ ಮಡಿಲಿಗೆ ಇಳಿದಿತ್ತು.

ಸುಧ ಮತ್ತೆ ಮೊದಲಿಂದ ಎತ್ತಿದಳು, ನಿಲ್ಲಿಸಿದಳು. ಆ ಮೌನದಲ್ಲಿ ಮರಿಸ್ವಾಮಿಯವರಿಗೆ ಬೆವರು ಕಿತ್ತುಕೊಂಡಿತು. ಆಗ ಪಂಕ್ತಿಯ ನಡುವಿನಿಂದ ಮದುಮಗಳ ಅಜ್ಜಿ ಮಂಚಮ್ಮ, ಗೊಜ್ಜಾದ ಕೈ ಮೇಲೆತ್ತಿ, ಹತ್ತೋಕೆ ನಂಗೆ ಪುರುಸೊತ್ತಿಲ್ಲ ಎಂದು ತಿರುಗಿ ಹೇಳಿದರು. ಮುಂದಿನ ಸೊಲ್ಲಿಗೆ ಆ ಸಾಲೆಲ್ಲ ಹೇಳಿತು. ಅದರ ಮುಂದಿನದಕ್ಕೆ ಪಾತ್ರೆ ತೊಳೆಯುವ ಕಡೆಯಿಂದಲೂ ದನಿ ಬಂತು. ಯಾರೂ ಆ ಪದವನ್ನು ಹಿಂದೆ ಕೇಳಿದವರಲ್ಲ. ಆದರೂ ಎಲ್ಲರ ಬಾಯಲ್ಲೂ ಅದು ಹಳೆಯ ಪದದಂತೆ ನಿಂತಿತು. ಪ್ಯಾಡ್ ಬಾರಿಸುವ ಶಂಕರ್ ಯಾರೂ ಹೇಳದೆಯೇ ಮೆಲ್ಲನೆ ಏಟು ಸೇರಿಸಿದ. ಅದರ ಮೇಲೆ ಸುಧ ಹಾಲು, ಗ್ಯಾಸು, ಮಕ್ಕಳ ಟಿಫನ್ನು, ಅತ್ತೆಯ ಮಾತ್ರೆ ಎಂದು ಒಂದೇ ಉಸಿರಿನಲ್ಲಿ ರ‍್ಯಾಪಿನವರಂತೆ ದಡಬಡ ಓಡಿ, ಇನ್ನೇನು ಬಿದ್ದಳು ಎನ್ನುವಾಗ ಸೋಬಾನೆಯ ಸೊಲ್ಲಿಗೆ ಬಂದು ಇಳಿದಳು. ಹೆಂಗಸರು ಅವಳನ್ನು ಎತ್ತಿಕೊಂಡರು.

ಮಟನ್ ಬಡಿಸುವವನು ಸಾಲಿನ ನಡುವೆ ಬಕೆಟ್ಟು ಹಿಡಿದು ನಿಂತೇ ಬಿಟ್ಟ. ಬೀಗರೂಟದಲ್ಲಿ ಮಟನ್ ನಿಂತದ್ದನ್ನು, ನಿಂತರೂ ಬೀಗರು ಜಗಳ ತೆಗೆಯದ್ದನ್ನು ಮರಿಸ್ವಾಮಿಯವರು ಎಂದೂ ಕಂಡಿರಲಿಲ್ಲ. ತಾವು ಇಷ್ಟು ಕಾಲ ತುಂಬಿಸುತ್ತ ಬಂದ ಜಾಗಗಳಲ್ಲಿ ಇನ್ನೆಷ್ಟು ಜನ ಬಾಯಿ ತೆರೆದು ಕಾದಿದ್ದರೋ ಎಂದು ಅವರಿಗೆ ದಿಗಿಲಾಯಿತು.

ಪದ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಡಿದವರು ತಮಗೆ ತಾವೇ ಹೇಗೆ ತಟ್ಟಿಕೊಂಡಾರು?

"ಇನ್ನೊಂದು ಎತ್ತವ್ವ," ಎಂದರು ಮಂಚಮ್ಮ.

ಸುಧ ತಿರುಗಿ ನೋಡಿದಳು. ಮರಿಸ್ವಾಮಿಯವರು ತಲೆಯಾಡಿಸಿ, ಯಾವ ಶ್ರುತಿ ಎಂದು ಕೇಳಿದರು.

"ಸುಮ್ನೆ ಬನ್ನಿ ಸ್ವಾಮಣ್ಣ, ಸಿಕ್ತದೆ."

ಅವಳು ಎತ್ತಿದಳು, ನಿಲ್ಲಿಸಿದಳು. ಈ ಸಲ ತಿರುಗಿ ಬಂದ ಹೆಂಗಸರ ದನಿಗಳ ನಡುವೆ ವೇದಿಕೆಯ ಮೇಲಿನಿಂದ ಒಂದು ಗಂಡು ದನಿಯೂ ಸೇರಿತ್ತು, ಕೊಂಚ ಶ್ರುತಿ ತಪ್ಪಿ.